ಮೈಸೂರಿನ ಬೀದಿಯಲ್ಲಿ ಮಲಗುವವರಿಗೆ ಆಸರೆ ಕೊಡುವ ಒಂದು ತಂಡ: ನನ್ನ ಒಂದು ವರ್ಷದ ಅನುಭವ

ಹೋಟೆಲ್, ಮೊಬೈಲ್ ಬಗ್ಗೆಯೆಲ್ಲ ರಿವ್ಯೂ ಬರೆಯುತ್ತೇವೆ. ಇಂಥ ಕೆಲಸದ ಬಗ್ಗೆಯೂ ಬರೆಯಬೇಕು ಅನ್ನಿಸಿತು. ಸಂಸ್ಥೆಯ ಹೆಸರು, ಬೀದಿ ಎರಡನ್ನೂ ಇಲ್ಲಿ ಹಾಕುತ್ತಿಲ್ಲ. ಅಲ್ಲಿ ಮನೆಯವರ ಹೊಡೆತ ತಾಳಲಾರದೆ ಬಂದ ಹೆಂಗಸರೂ ಇದ್ದಾರೆ, ಹಾಗಾಗಿ ಬರೆಯಬೇಡಿ ಎಂದು ಅವರೇ ಕೇಳಿಕೊಂಡರು.

ಹೋದ ಡಿಸೆಂಬರ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಒಬ್ಬರು ವಯಸ್ಸಾದವರು ಅಂಗಡಿ ಮೆಟ್ಟಿಲ ಮೇಲೆ ಮಲಗಿದ್ದರು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು, ಗಾಯ ವಾಸನೆ ಬರುತ್ತಿತ್ತು. ಗೆಳೆಯರೊಬ್ಬರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಒಂದು ಹಳೇ ಓಮ್ನಿ ಬಂತು. ಬಂದ ಹುಡುಗಿ ನೇರ ಹೋಗಿ ಅವರ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. "ಯಜಮಾನ್ರೇ, ಊಟ ಆಯ್ತಾ?" ಎಂದಳು. ಫೋಟೋ ಇಲ್ಲ, ವಿಡಿಯೋ ಇಲ್ಲ. ಅವರು ಬರುವುದಿಲ್ಲ ಅಂದರು. ಸರಿ ಅಂತ ಒಂದು ರಗ್ಗು ಕೊಟ್ಟು, ಕಾಲು ತೊಳೆದು ಬ್ಯಾಂಡೇಜ್ ಕಟ್ಟಿ, ನಾಳೆ ಬರುತ್ತೀನಿ ಎಂದು ಹೇಳಿ ಹೋದಳು. ನನಗೆ ಆವತ್ತು ಬೇಜಾರೇ ಆಯಿತು. ಇಷ್ಟು ಚಳಿಯಲ್ಲಿ ಬಿಟ್ಟು ಹೋಗುವುದಾ ಅಂತ.

ಆದರೆ ಮಾರನೇ ದಿನವೂ ಬಂದಳು, ಅದರ ಮಾರನೇ ದಿನವೂ ಬಂದಳು. ಐದನೇ ದಿನ ಅವರೇ ಎದ್ದು ಗಾಡಿ ಹತ್ತಿದರು. ಅಷ್ಟು ದಿನ ಯಾಕೆ ಒಪ್ಪಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಹಿಂದೆ ಒಂದು ಕಡೆ ಇದ್ದಾಗ ಅವರ ಗಂಟನ್ನು ಕೊಳಕು ಅಂತ ಯಾರೋ ಎಸೆದುಬಿಟ್ಟಿದ್ದರಂತೆ. ಅದರಲ್ಲಿ ಹೆಂಡತಿಯ ಒಂದು ಸೀರೆ, ಎರಡು ಫೋಟೋ, ಹಳೇ ರೇಷನ್ ಕಾರ್ಡ್ ಇತ್ತು. ಮನೆ ಇಲ್ಲದವರಿಗೆ ಆ ಗಂಟೇ ಮನೆ ಅಲ್ವಾ? ಇಲ್ಲಿ ಎಲ್ಲರಿಗೂ ಒಂದೊಂದು ಸಣ್ಣ ತಗಡಿನ ಪೆಟ್ಟಿಗೆ ಕೊಡುತ್ತಾರೆ, ಮೇಲೆ ಹೆಸರು ಬರೆದಿರುತ್ತದೆ. ಗಂಟಿನಲ್ಲಿ ಏನಿದ್ದರೂ ಕೇಳದೆ ಬಿಸಾಡುವುದಿಲ್ಲ. ಈ ಒಂದು ವಿಷಯಕ್ಕೇ ನಾನು ಇವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಅನ್ನ ಸಾರು, ಬಿಸಿಯಾಗಿರುತ್ತದೆ, ಎರಡನೇ ಸಲ ಕೇಳಿದರೂ ಬಡಿಸುತ್ತಾರೆ. ಊಟ ಕೊಡುವವರು ನಮ್ಮ ಊರಲ್ಲಿ ಕಮ್ಮಿ ಇಲ್ಲ. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ. ಊಟ ಆದಮೇಲೆ ಏನು ಅನ್ನುವುದೇ ಕಷ್ಟದ ಕೆಲಸ, ಇವರು ನಿಜವಾಗಿ ಮಾಡುವುದು ಅದನ್ನೇ.

ಅದೇ ಯಜಮಾನರ ಕಥೆ ನೋಡಿ. ವಯಸ್ಸು 68. ಮೂವತ್ತು ವರ್ಷ ಹೋಟೆಲ್‌ಗಳಲ್ಲಿ ಲೋಟ ತಟ್ಟೆ ತೊಳೆದವರು. ಸಂಧ್ಯಾ ಸುರಕ್ಷಾ ಪಿಂಚಣಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಇದೆ, ಇವರಿಗೆ ಬರಬೇಕಾದ ದುಡ್ಡೇ. ಆದರೆ ಅದಕ್ಕೆ ಆಧಾರ್ ಬೇಕು, ಆಧಾರ್‌ಗೆ ವಿಳಾಸ ಬೇಕು, ಫುಟ್‌ಪಾತ್‌ಗೆ ವಿಳಾಸ ಎಲ್ಲಿಂದ ತರುವುದು? ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪತ್ರ ನಡೆಯುತ್ತದೆ, ಇವರು ಅದನ್ನು ಮಾಡಿಕೊಟ್ಟರು. ಆಧಾರ್ ಸೆಂಟರಿಗೆ ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಬೆರಳಚ್ಚು ಬೀಳಲೇ ಇಲ್ಲ. ಸೋಪು, ಬೂದಿ, ನೀರಿನಲ್ಲಿ ನೆನೆದೂ ನೆನೆದೂ ಅವರ ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿದ್ದವು. ಅವರು ಒಂದೊಂದೇ ಬೆರಳು ಪಂಚೆಗೆ ಒರೆಸಿ ಒರೆಸಿ ಮಷಿನ್ ಮೇಲೆ ಇಡುತ್ತಿದ್ದರು. ತಪ್ಪು ತಮ್ಮದೇ ಅನ್ನೋ ಹಾಗೆ ನಮ್ಮ ಮುಖ ನೋಡುತ್ತಿದ್ದರು. ಮೂರನೇ ಸಲ ಹೋದಾಗ ಕಣ್ಣಿನ ಸ್ಕ್ಯಾನ್ ತೆಗೆದುಕೊಂಡು ಕೆಲಸ ಆಯಿತಂತೆ. ನಾಡಕಚೇರಿ, ಬ್ಯಾಂಕು, ಮತ್ತೆ ನಾಡಕಚೇರಿ, ಹೀಗೇ ಐದು ತಿಂಗಳು. ಮೊದಲ ಪಿಂಚಣಿ ಬಂದ ದಿನ ಅವರು ಪೆಟ್ಟಿಗೆಗೆ ಒಂದು ಬೀಗ ಕೊಂಡರು.

ಇನ್ನೊಂದು ಒಳ್ಳೆಯ ವಿಷಯ. ಮನಸ್ಸಿನ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುವವರನ್ನು ಇವರು ಸುಮ್ನೆ ಎತ್ತಿಕೊಂಡು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್‌ನಲ್ಲಿ ಇಡುವಂತಿಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿ ಗಾಡಿಯಲ್ಲೇ ಇಟ್ಟುಕೊಂಡಿದ್ದಾರೆ. ಸ್ಟೇಷನ್‌ನಲ್ಲಿ ಜಗಳ ಆಡದೆ ಅದನ್ನು ತೋರಿಸುತ್ತಾರೆ.

ಈಗ ಸರಿಯಿಲ್ಲದ್ದು. ರಾತ್ರಿ ಹತ್ತೂವರೆ ಮೇಲೆ ಫೋನ್ ಎತ್ತುವುದಿಲ್ಲ. ಎರಡು ಸಲ ನನಗೇ ಹಾಗಾಗಿದೆ, ಒಂದು ಸಲವಂತೂ ಮಳೆ ಸುರಿಯುತ್ತಿತ್ತು. ಹೆಂಗಸರಿಗೆ ಇರುವುದು ಆರೇ ಮಂಚ. ಗಂಡ ಹೆಂಡತಿ ಇಬ್ಬರೂ ಬೀದಿಯಲ್ಲಿದ್ದರೆ ಬೇರೆ ಬೇರೆ ಮಲಗಬೇಕು ಅನ್ನುತ್ತಾರೆ. ಹಾಗಾಗಿ ಸಬ್‌ಅರ್ಬನ್ ಬಸ್ ಸ್ಟ್ಯಾಂಡ್ ಹತ್ತಿರ ಇದ್ದ ಒಂದು ಜೋಡಿ ಬರಲೇ ಇಲ್ಲ. ಕುಡಿದು ಬಂದವರನ್ನು ಒಳಗೆ ಬಿಡುವುದಿಲ್ಲ, ಬೇರೆಯವರ ನಿದ್ದೆ ನೋಡಬೇಕಲ್ಲ, ಅದು ಅರ್ಥವಾಗುತ್ತದೆ. ಆದರೆ ಹೊರಗಾದರೂ ಒಂದು ಜಗಲಿ, ಒಂದು ಚಾಪೆ ಇರಬೇಕಿತ್ತು. ದುಡ್ಡು ಕೊಟ್ಟರೆ ರಸೀದಿ ತಡವಾಗುತ್ತದೆ, ನನಗೆ ಎರಡು ತಿಂಗಳಾಯಿತು. ಕೇಳಿದರೆ ಲೆಕ್ಕದ ಪುಸ್ತಕ ಮಾತ್ರ ತಕ್ಷಣ ಎದುರಿಗೆ ಇಡುತ್ತಾರೆ.

ಜಾಗ ಸಾಲದ್ದಕ್ಕೆ ಇವರನ್ನೊಬ್ಬರನ್ನೇ ದೂರುವ ಹಾಗಿಲ್ಲ. ಊರಿನ ಪ್ರತಿ 1 ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ ಇರಬೇಕು, ವರ್ಷದ 365 ದಿನವೂ ಹಗಲು ರಾತ್ರಿ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಕೊಡಬೇಕು ಅಂತ ಕೇಂದ್ರ ಸರ್ಕಾರದ ಯೋಜನೆಯಲ್ಲೂ ಇತ್ತು. 2011ರ ಜನಗಣತಿಯಲ್ಲೇ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಎಷ್ಟು ಕೇಂದ್ರ ಬೇಕು ಅಂತ ನೀವೇ ಲೆಕ್ಕ ಹಾಕಿ. ದಸರಾ ಬಂದರೆ ದೀಪ ನೋಡಲು ಬರುವ ಜನರ ನಡುವೆ ಫುಟ್‌ಪಾತ್‌ನಲ್ಲಿ ಇವರಿಗೆ ಮಲಗಲು ಜಾಗವೂ ಸಿಗುವುದಿಲ್ಲ. ಆ ಹತ್ತು ದಿನ ಇಲ್ಲಿ ಹಾಲ್‌ನಲ್ಲಿ ಕಾಲಿಡಲು ಆಗಲ್ಲ, ಅಷ್ಟು ಜನ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಹೋಗುವವರು ಸಂಜೆ ಐದರ ಮೇಲೆ ಹೋಗಿ, ಆಗ ಎಲ್ಲರೂ ಸಿಗುತ್ತಾರೆ. ಹುಟ್ಟುಹಬ್ಬಕ್ಕೆ ಕೇಕು ತರಬೇಡಿ, ಅಲ್ಲಿ ಅರ್ಧ ಜನಕ್ಕೆ ಶುಗರ್ ಇದೆ. ಹರಿದ ಬಟ್ಟೆಯ ಮೂಟೆಯೂ ಬೇಡ. ಹೊಸ ಲುಂಗಿ, ಒಳ ಉಡುಪು, ಹವಾಯಿ ಚಪ್ಪಲಿ, ಬ್ಯಾಂಡೇಜ್ ಬಟ್ಟೆ, ದೊಡ್ಡವರ ಡಯಾಪರ್, ಇವು ಸದಾ ಕಮ್ಮಿ ಬೀಳುತ್ತವೆ. ವಾರಕ್ಕೆ ಎರಡು ಗಂಟೆ ಬಿಡುವು ಇದ್ದರೆ ಅದೇ ಜಾಸ್ತಿ ಉಪಯೋಗ. ಒಬ್ಬರನ್ನು ಆಧಾರ್ ಸೆಂಟರಿಗೆ ಕರೆದುಕೊಂಡು ಹೋಗಿ ಬರಲು ಜೊತೆಗೆ ಒಬ್ಬರು ಬೇಕು, ಈಗಲೂ ಏಳು ಜನ ಸರದಿಯಲ್ಲಿ ಕಾಯುತ್ತಿದ್ದಾರೆ.