ಕಂಠೀರವದ ಸೀಸನ್ ಟಿಕೆಟ್: ಕ್ವಾಡ್ರಾಟ್ ಹೋದ ಮೇಲಿನ ಲೆಕ್ಕ

ಬೆಂಗಳೂರು ಎಫ್‌ಸಿಯ ಸೀಸನ್ ಟಿಕೆಟ್‌ಗೆ ನಾನು ಕೊಡುವುದು 5ಕ್ಕೆ ಮೂರೂವರೆ ನಕ್ಷತ್ರ. 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯಗಳು ನಡೆದಾಗಿನಿಂದ ಗ್ಯಾಲರಿಯಲ್ಲಿ ಕೂತಿದ್ದೇನೆ. ಆಮೇಲೆ ತಂಡ ಕಂಠೀರವಕ್ಕೆ ಬಂತು, ಹಿಂದೆಯೇ ನಾನೂ ಬಂದೆ. ಕೊರೊನಾ ಕಾಲದಲ್ಲಿ ಲೀಗ್ ಪೂರ್ತಿ ಗೋವಾಕ್ಕೆ ಹೋದ 2 ಸೀಸನ್ ಬಿಟ್ಟರೆ ಉಳಿದ ಅಷ್ಟೂ ವರ್ಷ ಇದು ನನ್ನ ಖರ್ಚಿನ ಪಟ್ಟಿಯಲ್ಲಿದೆ. ಕಳೆದ ಆ ಒಂದೂವರೆ ನಕ್ಷತ್ರದಲ್ಲಿ ಅರ್ಧ ಓಟದ ಟ್ರ್ಯಾಕಿಗೆ. ಪೂರ್ತಿ ಒಂದು ನಕ್ಷತ್ರ 2021ರ ಜನವರಿ 6ಕ್ಕೆ, ಸೀಸನ್ ನಡುವೆ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೋದ ದಿನಕ್ಕೆ.

ಟ್ರ್ಯಾಕಿನ ಮಾತು ಮೊದಲು ಮುಗಿಸುತ್ತೇನೆ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಮೈದಾನ. ನಮಗೂ ಆಟಗಾರರಿಗೂ ನಡುವೆ ಓಟದ ಟ್ರ್ಯಾಕು ಇದ್ದೇ ಇರುತ್ತದೆ. ಕೆಳಗಿನ ಸಾಲಿನಲ್ಲಿ ಕೂತರೆ ಆಚೆ ಬದಿಯ ಕಾರ್ನರ್ ಸರಿಯಾಗಿ ಕಾಣುವುದಿಲ್ಲ. ಹೊಸಬರು ಆದಷ್ಟು ಮೇಲಿನ ಸಾಲು ಹಿಡಿಯಿರಿ. ವಾರದ ದಿನ ಪಂದ್ಯವಿದ್ದರೆ ಗಾಡಿಯ ಆಸೆ ಬಿಟ್ಟು ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಡೋಲು ರಸ್ತೆಯಲ್ಲೇ ಕೇಳಿಸುತ್ತದೆ, ಹೆಜ್ಜೆ ತಾನಾಗಿ ಜೋರಾಗುತ್ತದೆ. ಆ ಸದ್ದಿಗೇ 3 ನಕ್ಷತ್ರ ಕೊಟ್ಟಿದ್ದೇನೆ ಎಂದರೂ ತಪ್ಪಿಲ್ಲ.

ಈಗ ಕೋಚುಗಳ ವಿಷಯ. ನಮ್ಮ ಸಾಲಿನಲ್ಲಿ ಕೂರುವವರು ವರ್ಷಗಳಿಂದ ಜಗಳವಾಡುತ್ತಿರುವುದು ಇದರ ಮೇಲೆಯೇ.

ಆಶ್ಲಿ ವೆಸ್ಟ್‌ವುಡ್ ಬಂದಾಗ ನಮಗೆ ಆತನ ಪರಿಚಯವೇ ಇರಲಿಲ್ಲ. ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು ಕಟ್ಟಿದ ಹೊಚ್ಚ ಹೊಸ ಕ್ಲಬ್ಬು, ಹೊಸ ಕೋಚು. ಮೊದಲ ಸೀಸನ್ನಿನಲ್ಲೇ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದರು. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದ ಹಿರಿಯರೊಬ್ಬರು ಅಂದಿನಿಂದ ನನ್ನ ಪಕ್ಕ ಕೂರುತ್ತಾರೆ. ಆಸ್ಟಿನ್ ಟೌನಿನವರು, ಎಲ್ಲರಿಗೂ ಅಂಕಲ್. ಊರಿಗೊಂದು ದೊಡ್ಡ ಟ್ರೋಫಿ ಬಂದದ್ದು ನೋಡಿ ಅವರ ಕಣ್ಣು ತುಂಬಿದ್ದನ್ನು ನಾನು ಮರೆತಿಲ್ಲ. ಮರುವರ್ಷ, 2015ರ ಮೇ 31ರಂದು ಮೋಹನ್ ಬಾಗಾನ್ ವಿರುದ್ಧ ಗೆದ್ದಿದ್ದರೆ ಮತ್ತೆ ಚಾಂಪಿಯನ್. ಜಾನ್ ಜಾನ್ಸನ್ ಗೋಲು ಹೊಡೆದಿದ್ದ. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆ ಕೊಟ್ಟು 1-1 ಮಾಡಿದ. ಪ್ರಶಸ್ತಿ ಕೋಲ್ಕತ್ತಾಗೆ ಹೋಯಿತು. 2016ರಲ್ಲಿ ವೆಸ್ಟ್‌ವುಡ್ ಅದನ್ನು ವಾಪಸು ತಂದುಕೊಟ್ಟು ಹೊರಟುಹೋದರು. 3 ಸೀಸನ್, 2 ಲೀಗು, 1 ಫೆಡರೇಶನ್ ಕಪ್. ಅಷ್ಟು ಗೆದ್ದವರನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಆಲ್ಬರ್ಟ್ ರೋಕಾ ಬಂದ ಮೂರೇ ತಿಂಗಳಲ್ಲಿ ಅದು ತಣ್ಣಗಾಯಿತು.

2016ರ ಅಕ್ಟೋಬರ್ 19ರ ರಾತ್ರಿಯಿಂದಾಗಿ. ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷ ಅದೇ ಕಪ್ ಗೆದ್ದಿದ್ದ ಮಲೇಷ್ಯಾದ ಜೊಹೊರ್ ತಂಡ. ಮೊದಲ ಗೋಲು ಅವರದೇ. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಫೈನಲ್ ತಲುಪಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 1-0 ಸೋತೆವು, ಇರಲಿ. ಇಷ್ಟು ವರ್ಷದಲ್ಲಿ ಟಿಕೆಟ್ಟಿಗೆ ಕೊಟ್ಟ ದುಡ್ಡೆಲ್ಲ ಆ ಒಂದು ರಾತ್ರಿಗೇ ಎಂದು ಕೇಳಿದ್ದರೂ ಕೊಡುತ್ತಿದ್ದೆ.

ರೋಕಾ ಜೊತೆಯಲ್ಲೇ ಸಹಾಯಕರಾಗಿ ಬಂದವರು ಕಾರ್ಲೆಸ್ ಕ್ವಾಡ್ರಾಟ್. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ, ಐ-ಲೀಗ್ ಬಿಟ್ಟು ನಾವು ಸೇರಿದ್ದ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 3-2 ಸೋತಾಗ ಅವರಿಬ್ಬರೂ ಅದೇ ಬೆಂಚಿನಲ್ಲಿದ್ದರು. ಆ ಸೀಸನ್ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿದ್ದ ತಂಡ ನಮ್ಮದು. ಮೈಲ್ಸನ್ ಆಲ್ವೆಸ್ ಕಾರ್ನರ್‌ಗೆ ಎದ್ದು ಎದ್ದು 2 ಹೆಡರ್ ಹೊಡೆದ. ಮನೆಗೆ ಹೋಗುವಾಗ ಮೆಟ್ರೊದಲ್ಲಿ ನೀಲಿ ಜರ್ಸಿಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1 ಸೋಲಿಸಿ ಸೂಪರ್ ಕಪ್ ಎತ್ತಿ ರೋಕಾ ಹೊರಟರು. ಮಾಲೀಕ ಪಾರ್ಥ್ ಜಿಂದಾಲ್ ಹೊರಗಿನಿಂದ ದೊಡ್ಡ ಹೆಸರು ತರಲಿಲ್ಲ. ಬೆಂಚಿನಲ್ಲಿದ್ದ ಕ್ವಾಡ್ರಾಟ್ ಕೈಗೇ ತಂಡ ಒಪ್ಪಿಸಿದರು. ಅದು ಒಳ್ಳೆಯ ತೀರ್ಮಾನ. ಮಾಲೀಕರನ್ನು ಬೈಯುವ ನಮ್ಮ ಸಾಲಿನ ಹುಡುಗರಿಗೆ ಇದನ್ನು ಪ್ರತಿ ಸಲ ನೆನಪಿಸುತ್ತೇನೆ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ಡಿಮಾಸ್ ಕಾರ್ನರ್ ಹಾಕಿದ, ರಾಹುಲ್ ಭೆಕೆ ತಲೆ ಕೊಟ್ಟ. ಐಎಸ್‌ಎಲ್ ಚಾಂಪಿಯನ್. ಹಿಂದಿನ ವರ್ಷ ಕಾರ್ನರ್‌ನಿಂದ ಕಳೆದುಕೊಂಡದ್ದು ಕಾರ್ನರ್‌ನಿಂದಲೇ ಬಂತು. ಕ್ವಾಡ್ರಾಟ್‌ಗೆ ಆಮೇಲೆ ಕುತ್ತಾಗಿದ್ದೂ ಇದೇ ಕಾರ್ನರಿನ ಮಾತು.

ಆ ಬೇಸಿಗೆಯಲ್ಲಿ ಮಿಕು ಹೋದ. ವೆನಿಜುವೆಲಾದ ಆ ಸ್ಟ್ರೈಕರ್ ನಮ್ಮ ಮೊದಲ ಐಎಸ್‌ಎಲ್ ಸೀಸನ್ನಿನಲ್ಲಿ 15 ಗೋಲು ಹೊಡೆದವನು. ಅವನ ಜಾಗಕ್ಕೆ ಮ್ಯಾನುವೆಲ್ ಒನ್ವು ಬಂದ. ನಮ್ಮಲ್ಲಿ ಲೀಗಿನಲ್ಲಿ ಗೋಲಿನ ಬಾಯಿ ತೆರೆಯಲಿಲ್ಲ. ಜನವರಿಯಲ್ಲಿ ಅವನನ್ನು ಒಡಿಶಾಗೆ ಸಾಲ ಕೊಟ್ಟೆವು. ಅಲ್ಲಿ 7 ಗೋಲು ಹೊಡೆದ! ಆ ಸೀಸನ್ ನಮ್ಮ ಡಿಫೆನ್ಸ್ ಕೋಟೆಯಂತಿತ್ತು. 18 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 13 ಗೋಲು. ಹೊಡೆದದ್ದು 22 ಮಾತ್ರ. ಸೆಮಿಫೈನಲ್‌ನಲ್ಲಿ ಎಟಿಕೆಗೆ ಒಟ್ಟು 3-2ರಿಂದ ಸೋತೆವು. ಕೋಲ್ಕತ್ತಾದಲ್ಲಿ ಅವರ ಮೊದಲ ಗೋಲು ರಾಯ್ ಕೃಷ್ಣನದು. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಮುಂದಿನ ಸೀಸನ್ ಗೋವಾದ ಖಾಲಿ ಮೈದಾನಗಳಲ್ಲಿ. ಡೋಲಿಲ್ಲ, ಕೂಗಿಲ್ಲ. ಕೋಚಿನ ಕೂಗು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೊದಲ 6 ಪಂದ್ಯ ಸೋಲಲಿಲ್ಲ. ಆಮೇಲೆ ಮೋಹನ್ ಬಾಗಾನ್, ಜಮ್ಶೆಡ್‌ಪುರ, ಮುಂಬೈ ಸಿಟಿ, ಸಾಲಾಗಿ 3 ಸೋಲು. ಜನವರಿ 5ರ ರಾತ್ರಿ ಮುಂಬೈಗೆ 3-1 ಸೋತದ್ದು, 6ರಂದು ಕ್ವಾಡ್ರಾಟ್ ಹೋದ ಸುದ್ದಿ. 9 ಪಂದ್ಯ, 12 ಅಂಕ. ಕ್ಲಬ್ಬನ್ನು ಕಟ್ಟಿದ ತತ್ವಕ್ಕೇ ಈ ಸೀಸನ್ನಿನಲ್ಲಿ ಧಕ್ಕೆ ಬರುತ್ತಿದೆ ಅನ್ನಿಸಿತು ಎಂಬುದು ಮಾಲೀಕರು ಕೊಟ್ಟ ಕಾರಣ.

ಆ ವಾರ ಆಸ್ಟಿನ್ ಟೌನಿನ ಟೀ ಅಂಗಡಿಯ ಮುಂದೆ ನಾಲ್ಕೈದು ಜನ ಸೇರಿದೆವು. ಮಾಸ್ಕು ಗಲ್ಲದ ಕೆಳಗೆ.

"ಒಂಬತ್ತೇ ಮ್ಯಾಚು ಕಣಪ್ಪ. ಕಪ್ ತಂದುಕೊಟ್ಟ ಮನುಷ್ಯನಿಗೆ ಒಂಬತ್ತೇ ಮ್ಯಾಚಾ?" ಅಂಕಲ್ ಗ್ಲಾಸು ಕೆಳಗಿಡಲೇ ಇಲ್ಲ.

ನಮ್ಮ ಸಾಲಿನಲ್ಲೇ ಕೂರುವ ಕಾಲೇಜು ಹುಡುಗಿ ಬಿಡಲಿಲ್ಲ. "ಅಂಕಲ್, ಆಟ ಹೇಗಿತ್ತು ಅದನ್ನ ಹೇಳಿ. ಕಾರ್ನರ್, ಫ್ರೀಕಿಕ್ಕು, ಥ್ರೋ ಬಿಟ್ರೆ ನಮಗೆ ಗೋಲು ಎಲ್ಲಿಂದ ಬರ್ತಿತ್ತು? ರೋಕಾ ಕಾಲದಲ್ಲಿ ಬಾಲು ನಮ್ಮ ಕಾಲಲ್ಲೇ ಇರೋದು. ಈಗ ಬರೀ ಉದ್ದುದ್ದ ಹೊಡೆಯೋದು. ಓನರ್ ಹೇಳಿದ್ರಲ್ಲಿ ಸುಳ್ಳೇನಿದೆ?"

"ಹೊಡಿಯೋಕೆ ಸ್ಟ್ರೈಕರ್ ಕೊಟ್ಟಿದ್ರೇನಮ್ಮ?"

"ಆರಿಸಿಕೊಂಡಿದ್ದು ಕೋಚೂ ಸೇರಿ ತಾನೆ ಅಂಕಲ್?"

ಆ ಹುಡುಗಿಯ ಮಾತಿನಲ್ಲಿ ಹುರುಳಿದೆ. 2020ರ ತಂಡದ ಆಟ ನೋಡಲು ನನಗೂ ಖುಷಿಯಿರಲಿಲ್ಲ. ವಿದೇಶಿ ಆಟಗಾರರ ಆಯ್ಕೆಯಲ್ಲಿ ಕ್ವಾಡ್ರಾಟ್ ಪಾಲೂ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ತೀರ್ಮಾನದ ಹೊತ್ತು ತಪ್ಪು. ತತ್ವ ಬದಲಾಗಿದೆ ಎನ್ನುವುದು 3 ಸೋಲಿನಲ್ಲಿ ಗೊತ್ತಾಗುವ ಸಂಗತಿಯಲ್ಲ. ಹಿಂದಿನ ಸೀಸನ್ನಿನಲ್ಲೇ ಕಾಣುತ್ತಿತ್ತು. ಆಗಲೇ ಕೂರಿಸಿ ಮಾತಾಡಿ, ಬೇಸಿಗೆಯಲ್ಲಿ ಬದಲಾಯಿಸಿ ಹೊಸಬರಿಗೆ ತಂಡ ಕಟ್ಟಲು ಸಮಯ ಕೊಡಬಹುದಿತ್ತು. ಸೀಸನ್ ನಡುವೆ, ಹೋಟೆಲು ಬಿಟ್ಟು ಹೊರಗೆ ಕಾಲಿಡಲಾಗದ ಆಟಗಾರರ ನಡುವಿನಿಂದ ಕೋಚನ್ನು ಎತ್ತಿದರೆ ಆಗುವುದೇನು ಎಂಬುದು ಅಂಕಪಟ್ಟಿಯಲ್ಲಿದೆ. ಸಹಾಯಕ ಕೋಚ್ ನೌಷಾದ್ ಮೂಸಾ ಹೆಗಲಿಗೆ ಭಾರ ಬಿತ್ತು. ಉಳಿದ 11 ಪಂದ್ಯಗಳಲ್ಲಿ ಬಂದದ್ದು 10 ಅಂಕ. 2 ಗೆಲುವು, 4 ಡ್ರಾ, 5 ಸೋಲು. 7ನೇ ಸ್ಥಾನ. ಅಂಕ, ಕ್ವಾಡ್ರಾಟ್ ಇದ್ದಾಗಿನ 9 ಪಂದ್ಯಗಳಿಗಿಂತ ಕಡಿಮೆ. ಆ ವರ್ಷದ ಮೊದಲು ನಾವು ಪ್ಲೇಆಫ್ ತಪ್ಪಿಸಿಕೊಂಡದ್ದೇ ಇಲ್ಲ.

ಇನ್ನೊಂದು ನೋವು ಯಾವ ಅಂಕಪಟ್ಟಿಗೂ ಸೇರುವುದಿಲ್ಲ. ವೆಸ್ಟ್‌ವುಡ್, ರೋಕಾ ಇಬ್ಬರೂ ಟ್ರೋಫಿ ಎತ್ತಿದ ಬೆನ್ನಿಗೇ ಹೋದರು. ಕ್ವಾಡ್ರಾಟ್ ನಮ್ಮೂರಿನಲ್ಲಿ ನಾಲ್ಕೂವರೆ ವರ್ಷ ಇದ್ದವರು. ಕಂಠೀರವದಲ್ಲಿ ಒಮ್ಮೆ ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಡುವ ಅವಕಾಶ ನಮಗೆ ಸಿಗಲಿಲ್ಲ. ಗೇಟಿಗೆ ಬೀಗ ಬಿದ್ದಿತ್ತು.

ಮಾಲೀಕರೇ ಕ್ಲಬ್ಬು ಹಾಳು ಮಾಡಿದರು ಎಂಬ ಮಾತು ಮಾತ್ರ ನಾನು ಒಪ್ಪುವುದಿಲ್ಲ. 2021ರ ಮೇನಲ್ಲಿ ಮಾಲ್ಡೀವ್ಸ್‌ನಲ್ಲಿ ನಮ್ಮ ತಂಡದವರು ಕೊರೊನಾ ನಿಯಮ ಮುರಿದಾಗ ಪಾರ್ಥ್ ಜಿಂದಾಲ್ ತಾವೇ ಬಹಿರಂಗವಾಗಿ ಕ್ಷಮೆ ಕೇಳಿದರು. ಹತ್ತಾರು ಕ್ಲಬ್ಬುಗಳು ಹುಟ್ಟಿ ಮುಚ್ಚಿಹೋದ ದೇಶದಲ್ಲಿ ಒಂದು ದಶಕ ದುಡ್ಡು ಸುರಿದು ತಂಡ ನಡೆಸಿದ್ದಾರೆ. ಅದಕ್ಕೆ ಕೃತಜ್ಞತೆಯಿದೆ. ಅಷ್ಟು ಮಾಡಿದವರು ಒಂದೇ ತಪ್ಪನ್ನು ಎರಡು ಸಲ ಮಾಡಿದರಲ್ಲ ಎಂಬುದೇ ನನ್ನ ಸಂಕಟ.

ಎರಡನೇ ಸಲದ್ದು ಹೀಗೆ. ಮಾರ್ಕೊ ಪೆಜ್ಜಾಯುವೊಲಿ ಬಂದು ಹೋದ ಮೇಲೆ 2022ರಲ್ಲಿ ಕೋಚಾಗಿ ಸೈಮನ್ ಗ್ರೇಸನ್ ಬಂದರು, ಅದೇ ರಾಯ್ ಕೃಷ್ಣನೂ ಬಂದ. ಡುರಾಂಡ್ ಕಪ್ ಗೆದ್ದೆವು. ಲೀಗಿನ ಕೊನೆಯಲ್ಲಿ ಸತತ 8 ಗೆಲುವು, ಪ್ಲೇಆಫ್‌ನಲ್ಲಿ ಕೇರಳದ ವಿರುದ್ಧ ಚೆಟ್ರಿಯ ಫ್ರೀಕಿಕ್ಕಿನ ಗೋಲು, ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ವರೆಗೆ ಹೋಗಿ ಸೋಲು. ಬೇಸಿಗೆ ಬಂತು, ರಾಯ್ ಕೃಷ್ಣ ಹೊರಟ. ಹೋದದ್ದು ಎಲ್ಲಿಗೆ? ಒಡಿಶಾಗೆ. ಅಲ್ಲಿ ಆ ಸೀಸನ್ 13 ಗೋಲು. ನಮ್ಮಲ್ಲಿ ಕರ್ಟಿಸ್ ಮೇನ್ ಬಂದರೂ ಆ ಜಾಗ ತುಂಬಲಿಲ್ಲ. 2023ರ ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿಗೆ 4-0 ಸೋತೆವು. ನಾನಲ್ಲಿದ್ದೆ. ಮರುದಿನ ಗ್ರೇಸನ್ ಇರಲಿಲ್ಲ. ಸ್ಟ್ರೈಕರ್ ಹೋಗುತ್ತಾನೆ, ಜಾಗ ಖಾಲಿ ಉಳಿಯುತ್ತದೆ, ಚಳಿಗಾಲದಲ್ಲಿ ಮುಂಬೈ ಬಂದು ಹೊಡೆಯುತ್ತದೆ, ಕೋಚ್ ಹೋಗುತ್ತಾರೆ. ಎರಡು ಸಲವೂ ಇದೇ ವರಸೆ. ಗ್ರೇಸನ್ ಹೋದ ಮೇಲೂ ಆ ಸೀಸನ್ ಸುಧಾರಿಸಲಿಲ್ಲ, 10ನೇ ಸ್ಥಾನಕ್ಕೆ ಇಳಿದೆವು. ಆ ಕಾಲೇಜು ಹುಡುಗಿ ಈಗ ಕೆಲಸಕ್ಕೆ ಸೇರಿದ್ದಾಳೆ. ಅವತ್ತಿನ ಮಾತು ಪೂರ್ತಿ ಬಿಟ್ಟುಕೊಟ್ಟಿಲ್ಲ. "ಸ್ಟ್ರೈಕರ್ ವಿಷಯ ಒಪ್ಕೋತೀನಿ ಅಂಕಲ್" ಎನ್ನುವಷ್ಟಕ್ಕೆ ಬಂದಿದ್ದಾಳೆ.

ಹಾಗಾದರೆ ಟಿಕೆಟ್ ಕೊಳ್ಳಬೇಕೇ? ಕೊಳ್ಳಿ. ಒಂದೊಂದೇ ಪಂದ್ಯ ಆರಿಸಿ ನೋಡುವವರಿಗೆ ದೊಡ್ಡ ಎದುರಾಳಿಗಳ ರಾತ್ರಿ ಸಿಗುತ್ತದೆ. ಮಂಕು ಮಂಗಳವಾರದ 0-0 ಪಂದ್ಯದಲ್ಲಿ ಪಕ್ಕದ ಸೀಟಿನವರ ಜೊತೆ ಬೆಳೆಯುವ ಸಲಿಗೆ ಸಿಗುವುದಿಲ್ಲ. ಮಕ್ಕಳನ್ನು ಕರೆತನ್ನಿ. ಕ್ಲಬ್ಬಿನ ಕಿರಿಯರ ತಂಡದಿಂದ ಬಂದ ಹುಡುಗರು ಮೊದಲ ಬಾರಿ ಮೈದಾನಕ್ಕಿಳಿಯುವಾಗ ಗ್ಯಾಲರಿಯಲ್ಲಿ ಇರುವುದು ಈ ಟಿಕೆಟ್ಟಿನ ದೊಡ್ಡ ಲಾಭ.

ಅಂಥ ಹುಡುಗನೊಬ್ಬನ ಗೋಲಿನ ದಿನವೇ ಕ್ವಾಡ್ರಾಟ್ ಪ್ರಕರಣ ನಮ್ಮ ಸಾಲಿನಲ್ಲಿ ಒಂದು ದಡ ಸೇರಿತು. ಅವರು ಈಸ್ಟ್ ಬೆಂಗಾಲ್ ಕೋಚಾಗಿ ಕಂಠೀರವಕ್ಕೆ ಮೊದಲು ಬಂದದ್ದು 2023ರ ಅಕ್ಟೋಬರ್ 4ರಂದು. ಹಾವಿ ಹೆರ್ನಾಂಡೆಸ್ ಗಾಳಿಯಲ್ಲಿ ತಿರುಗಿ ಹೊಡೆದ ಗೋಲಿನಿಂದ ನಾವು 2-1 ಗೆದ್ದೆವು. ಮುಂದಿನ ಜನವರಿಯಲ್ಲಿ ಅವರು ಸೂಪರ್ ಕಪ್ ಗೆದ್ದು ಆ ಕ್ಲಬ್ಬಿನ 12 ವರ್ಷಗಳ ಬರ ನೀಗಿಸಿದರು. ಅಂಕಲ್ ಅಂದು ಬೆಳಿಗ್ಗೆಯೇ ಫೋನ್ ಮಾಡಿದ್ದರು. ಮತ್ತೆ ಕ್ವಾಡ್ರಾಟ್ ಬಂದದ್ದು 2024ರ ಸೆಪ್ಟೆಂಬರ್ 14ರಂದು, ಸೀಸನ್ನಿನ ಮೊದಲ ಪಂದ್ಯಕ್ಕೆ. 25ನೇ ನಿಮಿಷದಲ್ಲಿ ವಿನಿತ್ ವೆಂಕಟೇಶ್ ಗೋಲು ಹೊಡೆದ. ಬೆಂಗಳೂರಿನ ಹುಡುಗ. ಅದೇ ಗೆಲುವಿನ ಗೋಲಾಯಿತು, 1-0. ಕುಣಿದೆವು. ಕೊನೆಯ ಸೀಟಿ ಊದಿದಾಗ ಜನ ನಮ್ಮ ಹುಡುಗರ ಕಡೆ ತಿರುಗಿದರು. ಅಂಕಲ್ ಮಾತ್ರ ಎದ್ದು ನಿಂತು ಎದುರಾಳಿ ಬೆಂಚಿನ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟಿದರು. ಟ್ರ್ಯಾಕು ದಾಟಿ ಅಲ್ಲಿಗೆ ಕೇಳಿಸುವ ಸಾಧ್ಯತೆಯಿರಲಿಲ್ಲ. ನಾನೂ ತಟ್ಟಿದೆ. ಆ ಹುಡುಗಿಯೂ ತಟ್ಟಿದಳು.

ತಿಂಗಳು ಮುಗಿಯುವಷ್ಟರಲ್ಲಿ ಕ್ವಾಡ್ರಾಟ್ ಈಸ್ಟ್ ಬೆಂಗಾಲ್ ಬಿಟ್ಟ ಸುದ್ದಿ ಬಂತು. ರಾತ್ರಿ ಅಂಕಲ್ ಫೋನ್.

"ಈ ಸಲ ಲೀಗಲ್ಲಿ ಎಷ್ಟು ಮ್ಯಾಚಾಗಿತ್ತಪ್ಪ?"

"ಮೂರು ಅಂಕಲ್."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮುಂದಿನ ಪಂದ್ಯಕ್ಕೆ ಯಾವ ಗೇಟಿನ ಹತ್ತಿರ ಸಿಗೋಣ ಎಂದು ಕೇಳಿದರು.