ಬಾಸ್ ಮೀನಿಗೆ ರಾಡ್: 50 ಡಾಲರಿಂದ 150ರ ತನಕ ನಾಲ್ಕು ಹಿಡಿದು ನೋಡಿದ್ಮೇಲೆ

ನಾವಿರೋದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಶನಿವಾರ ಬೆಳಕು ಹರಿಯೋಕೆ ಮುಂಚೆ ಎದ್ದು ಒಂದೋ ಮನೆ ಹತ್ರದ ಪಾರ್ಕಿನ ಕೆರೆ, ಇಲ್ಲಾ ಲವಾನ್ ಲೇಕ್, ಬೋಟ್ ಇರೋ ಗೆಳೆಯ ಫೋನ್ ಮಾಡಿದ್ರೆ ಲೇಕ್ ಫೋರ್ಕ್. ಹುಡುಕೋದು ಲಾರ್ಜ್‌ಮೌತ್ ಬಾಸ್, ಅಂದ್ರೆ ದೊಡ್ಡ ಬಾಯಿಯ ಸಿಹಿನೀರಿನ ಮೀನು. ಹೋದ ವರ್ಷ ಪೂರ್ತಿ ನನ್ನ ತಲೇಲಿ ಇದ್ದಿದ್ದು ಒಂದೇ ಪ್ರಶ್ನೆ: ತುಂಬ ದುಡ್ಡು ಸುರೀದೆ, ಅಂದ್ರೆ ರಾಡಿಗೆ (ಗಾಳದ ಕೋಲಿಗೆ) 150 ಡಾಲರ್ ದಾಟದಂಗೆ, ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ಗೊತ್ತಾಗೋ ರಾಡ್ ಯಾವ್ದು? ಅಂಗಡೀಲಿ ಅಲ್ಲಾಡಿಸಿ ನೋಡಿದ್ರೆ ಎಲ್ಲಾ ಒಂದೇ ಥರ ಇರತ್ತೆ, ವಿಡಿಯೋದೋರು ಪ್ರತಿ ರಾಡಿಗೂ ಸೂಪರ್ ಸೆನ್ಸಿಟಿವ್ ಅಂತಾರೆ, ಹಂಗಾಗಿ ಎರಡು ಕೊಂಡು, ಎರಡು ಗೆಳೆಯರ ಹತ್ರ ವಾರಗಟ್ಲೆ ಇಸ್ಕೊಂಡು ನಾನೇ ನೋಡ್ದೆ.

ಊರಲ್ಲಿ ಗಾಳ ಹಾಕಿದೋರಿಗೆ ಈ ಸೆನ್ಸಿಟಿವಿಟಿ ಯಾಕೆ ಇಷ್ಟು ದೊಡ್ಡ ವಿಷಯ ಅನ್ನೋದು ಮೊದಲು ಅರ್ಥ ಆಗಲ್ಲ. ಅಲ್ಲಿ ಬಿದಿರು ಕೋಲು, ದಾರ, ಬೆಂಡು, ಎರೆಹುಳ. ಕಣ್ಣು ಬೆಂಡಿನ ಮೇಲಿದ್ರೆ ಸಾಕು, ಬೆಂಡು ಮುಳುಗ್ತು ಅಂದ್ರೆ ಎಳೀಬೇಕು, ಜಿಲೇಬಿ ಮೀನು ದಡಕ್ಕೆ ಬರತ್ತೆ. ಇಲ್ಲಿ ಬಾಸಿಗೆ ಟೆಕ್ಸಾಸ್ ರಿಗ್ (ಲೈನಲ್ಲಿ ಮುಳುಗಿಸೋ ಗುಂಡು, ತುದಿಯ ಗಾಳಕ್ಕೆ ಚುಚ್ಚಿದ ಪ್ಲಾಸ್ಟಿಕ್ ಹುಳ) ಹಾಕಿದ್ರೆ ಬೆಂಡೇ ಇಲ್ಲ. ಪ್ಲಾಸ್ಟಿಕ್ ಹುಳ ಹತ್ತು ಹನ್ನೆರಡು ಅಡಿ ಕೆಳಗೆ ಕೆಸರಲ್ಲೋ ಕಲ್ಲಲ್ಲೋ ಮೆಲ್ಲಗೆ ತೆವಳ್ತಾ ಇರತ್ತೆ, ನೋಡೋದು ಕಣ್ಣಲ್ಲ, ಕೈ. ಅದರ ಮೇಲೆ ಬಾಸ್ ಬಂದು ಕಚ್ಚಿ ಎಳ್ಕೊಂಡು ಹೋಗತ್ತೆ ಅಂದ್ಕೊಂಡ್ರೆ ತಪ್ಪು, ಅದು ಬಾಯಿ ಅಗಲ ಮಾಡಿ ನೀರಿನ ಸಮೇತ ಹುಳಾನ ಒಳಗೆ ಹೀರ್ಕೊಳತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಹಂಗೇ ಉಗಿಯತ್ತೆ. ಆ ಹೀರೋದಕ್ಕೂ ಉಗಿಯೋದಕ್ಕೂ ನಡುವೆ ಸಿಗೋ ಚೂರು ಟೈಮಲ್ಲಿ ನಮ್ಮ ಅಂಗೈಗೆ ಸುದ್ದಿ ಬಂದಿರ್ಬೇಕು. ಸುದ್ದಿ ಬರ್ಲಿಲ್ಲ ಅಂದ್ರೆ ಮೀನು ಬಂದು ಹೋಗಿದ್ದೇ ಗೊತ್ತಾಗಲ್ಲ, ಇವತ್ತು ಮೀನೇ ಇಲ್ಲ ಅಂದ್ಕೊಂಡು ಮನೆಗೆ ಬರ್ತೀವಿ.

ನಾನು ನೋಡಿದ ನಾಲ್ಕು ಇವು (ಮೀಡಿಯಂ, ಮೀಡಿಯಂ ಹೆವಿ ಅನ್ನೋದು ಪವರ್, ಅಂದ್ರೆ ರಾಡಿಗೆ ಎಷ್ಟು ಬಲ ಅನ್ನೋದು). ಅಗ್ಲಿ ಸ್ಟಿಕ್ ಜಿಎಕ್ಸ್2, ಆರೂವರೆ ಅಡಿ ಮೀಡಿಯಂ, ನಾನು ಕೊಟ್ಟಿದ್ದು 50 ಡಾಲರ್ ಆಸುಪಾಸು. ಏಬು ಗಾರ್ಸಿಯಾ ವೆಂಡೆಟಾ, ಏಳಡಿ ಮೀಡಿಯಂ ಹೆವಿ, ಇದು ಗೆಳೆಯಂದು. ಡಾಬಿನ್ಸ್ ಫ್ಯೂರಿ 703, ಇದು ನಂದು, ಸೇಲಲ್ಲಿ 120ಕ್ಕೆ ಸಿಕ್ತು. ಡಾಬಿನ್ಸೋರ ನಂಬರಲ್ಲಿ 703 ಅಂದ್ರೆ 7 ಅಡಿ 0 ಇಂಚು, ಪವರ್ 3, ಈ ಲೆಕ್ಕ ಗೊತ್ತಿದ್ರೆ ಅಂಗಡೀಲಿ ಸುಲಭ. ಕೊನೇದು ಸೇಂಟ್ ಕ್ರೊಯ್ ಮೋಜೋ ಬಾಸ್, 7 ಅಡಿ 1 ಇಂಚು ಮೀಡಿಯಂ ಹೆವಿ, ಇದೂ ಇಸ್ಕೊಂಡಿದ್ದು, ನನ್ನ ಬಜೆಟ್ಟಿನ ತುದೀಲಿ ನಿಂತಿದ್ದ ರಾಡು. ಜಿಎಕ್ಸ್2 ಉದ್ದಾನೂ ಬೇರೆ ಪವರ್ರೂ ಬೇರೆ, ಹಾಗಾಗಿ ಅದನ್ನ ಉಳಿದ ಮೂರರ ಜೊತೆ ನೇರವಾಗಿ ತೂಗೋದು ಪೂರ್ತಿ ನ್ಯಾಯ ಅಲ್ಲ, ಆದ್ರೂ ಶುರು ಮಾಡೋರು ಬಹಳ ಜನ ಅಲ್ಲಿಂದಾನೇ ಶುರು ಮಾಡೋದು ಅಂತ ಸೇರಿಸ್ಕೊಂಡೆ.

ನಾಲ್ಕಕ್ಕೂ ಒಂದೇ ಬೈಟ್‌ಕ್ಯಾಸ್ಟರ್ ರೀಲು (ರಾಡಿನ ಮೇಲೆ ಕೂರೋ, ಲೈನ್ ಸುತ್ತೋ ರಾಟೆ) ಬಿಚ್ಚಿ ಬಿಚ್ಚಿ ಹಾಕ್ದೆ, ಕಾಲು ಔನ್ಸ್ ಟಂಗ್‌ಸ್ಟನ್ ಗುಂಡು, 12 ಪೌಂಡ್ ಎಳೆತ ತಡೆಯೋ ಫ್ಲೋರೋಕಾರ್ಬನ್ (ಒಂಥರಾ ಪ್ಲಾಸ್ಟಿಕ್) ಲೈನು. ಕೆರೆಗೆ ಹೋಗೋ ಮುಂಚೆ ಮನೆ ಮುಂದಿನ ಹುಲ್ಲಲ್ಲಿ ಒಂದು ಪರೀಕ್ಷೆ. ಮಗಳನ್ನ ಅರವತ್ತು ಅಡಿ ದೂರ ನಿಲ್ಸಿ ಲೈನಿನ ತುದಿ ಅವಳ ಕೈಗೆ ಕೊಟ್ಟೆ. "ವೀಣೆ ತಂತಿ ಮೀಟ್ತಾರಲ್ಲ ಹಂಗೆ ಒಂದೇ ಬೆರಳಲ್ಲಿ ಮುಟ್ಟು ಪುಟ್ಟಿ, ಯಾವಾಗ ಮುಟ್ತೀಯಾ ಅಂತ ಹೇಳ್ಬೇಡ" ಅಂದೆ. ಅವಳು ಒಂದೊಂದು ರಾಡಿಗೆ ಇಪ್ಪತ್ತು ಸಲ ಮೀಟ್ತಾಳೆ, ನಾನು ಕಣ್ಣು ಮುಚ್ಕೊಂಡು ಬಂತು ಬಂತು ಅಂತ ಕೂಗ್ಬೇಕು. ಜಿಎಕ್ಸ್2ರಲ್ಲಿ 12 ಸಿಕ್ತು, ವೆಂಡೆಟಾದಲ್ಲಿ 15, ಫ್ಯೂರಿಲಿ 18, ಮೋಜೋಲೂ 18. "ಅಪ್ಪ ಇದ್ರಲ್ಲಿ ನೀನು ಬೇಗ ಹೇಳ್ತೀಯಾ" ಅಂತ ಫ್ಯೂರಿ ಬಗ್ಗೆ ಅವಳೇ ಹೇಳಿದ್ಲು. ಲ್ಯಾಬ್ ಟೆಸ್ಟ್ ಏನಲ್ಲ, ಒಂದು ಕೈ ಒಂದು ಸಂಜೆ ಅಷ್ಟೇ, ಆದ್ರೆ ಆಮೇಲೆ ನೀರಲ್ಲಿ ನನಗೆ ಅನ್ಸಿದ್ದೂ ಹೆಚ್ಚುಕಮ್ಮಿ ಇದೇ.

ಅದೇ ಸಂಜೆ ಇನ್ನೊಂದು ಮಾಡ್ದೆ, ನನ್ನ ಪ್ರಕಾರ ಇದೇ ಮುಖ್ಯ. ಲೈನ್ ಬದಲಾಯಿಸ್ದೆ. ಫ್ಯೂರಿಗೆ ಮಾಮೂಲಿ ನೈಲಾನ್ ಮೋನೋ ಲೈನ್ ಹಾಕಿದ್ರೆ 18 ಇದ್ದಿದ್ದು 13ಕ್ಕೆ ಇಳೀತು. 50 ಡಾಲರಿನ ಜಿಎಕ್ಸ್2ಗೆ 30 ಪೌಂಡ್ ಬ್ರೇಡ್ (ಹೆಣೆದ ದಾರ) ಹಾಕಿದ್ರೆ 12 ಇದ್ದಿದ್ದು 16 ಆಯ್ತು! ಅಂದ್ರೆ ಮೋನೋ ಹಾಕಿದ ದುಬಾರಿ ರಾಡಿಗಿಂತ ಬ್ರೇಡ್ ಹಾಕಿದ ಅಗ್ಗದ ರಾಡೇ ಮುಂದೆ. ಕಾರಣ ಸರಳ, ಮೋನೋ ರಬ್ಬರ್ ಥರ ಹಿಗ್ಗತ್ತೆ, ಆ ಕಡೆ ಮೀಟಿದ್ದು ಅರ್ಧ ದಾರೀಲೇ ಕರಗಿ ಹೋಗತ್ತೆ. ಫ್ಲೋರೋಕಾರ್ಬನ್ನೂ ಹಿಗ್ಗತ್ತೆ ಆದ್ರೆ ಅದು ತೂಕದ್ದು, ನೀರಲ್ಲಿ ಮುಳುಗತ್ತೆ, ಸದ್ದು ಚೆನ್ನಾಗಿ ಸಾಗಿಸತ್ತೆ. ಬ್ರೇಡ್ ಹಿಗ್ಗೋದೇ ಇಲ್ಲ ಅಂದ್ರೂ ಸರಿ, ಆದ್ರೆ ಲೈನ್ ಬಿಗಿಯಾಗಿದ್ರೆ ಮಾತ್ರ ಅದರ ಆಟ, ಸಡಿಲ ಬಿಟ್ರೆ ಹತ್ತಿ ದಾರದಂಗೆ ಸುಮ್ಮನೆ ಇರತ್ತೆ. ಗುಂಡಿನಿಂದ ಹೊರಟ ಸುದ್ದಿ ಲೈನ್ ಹತ್ತಿ, ಲೈನ್ ಹಾಯೋ ರಿಂಗು ದಾಟಿ, ಕಡ್ಡಿಯೊಳಗೆ (ರಾಡಿನ ಕೋಲಲ್ಲಿ) ನಡುಗಿ, ಕೈಗೆ ಬರ್ಬೇಕಲ್ವಾ, ಈ ದಾರೀಲಿ ಯಾವುದೋ ಒಂದು ಕಡೆ ಹಳ್ಳ ಇದ್ರೂ ಸಾಕು, ರಾಡಿಗೆ ಸುರಿದ ದುಡ್ಡು ಅಲ್ಲೇ ಬಿದ್ದೋಗತ್ತೆ. ಸೀಸದ ಗುಂಡೂ ಅಂಥದ್ದೇ ಒಂದು ಹಳ್ಳ. ಸೀಸ ಮೆತ್ತಗೆ, ಟಂಗ್‌ಸ್ಟನ್ ಗಟ್ಟಿ, ಅದೇ ತೂಕಕ್ಕೆ ಸೈಜೂ ಚಿಕ್ಕದು, ಕಲ್ಲಿಗೆ ತಾಗಿದ್ರೆ ಟಿಕ್ ಅನ್ನತ್ತೆ.

ಇನ್ನು ಡಬ್ಬದ ಮೇಲೆ, ಕಡ್ಡಿ ಮೇಲೆ ಬರೆದಿರೋ ಐಎಂ6, ಐಎಂ8, 24 ಟನ್, 30 ಟನ್, 36 ಟನ್ ಲೆಕ್ಕ. ಐಎಂ6 ಐಎಂ7 ಇವೆಲ್ಲ ಹೆಕ್ಸೆಲ್ ಅನ್ನೋ ಕಂಪನಿಯ ಕಾರ್ಬನ್ ನಾರಿನ ಹೆಸರು, ಕ್ವಾಲಿಟಿ ಸರ್ಟಿಫಿಕೇಟ್ ಅಲ್ಲ. ಟನ್ ಅನ್ನೋದು ನಾರು ಎಷ್ಟು ಬಿರುಸು ಅನ್ನೋದರ ಅಳತೆ, ಬಿರುಸು ಜಾಸ್ತಿ ಇದ್ರೆ ಕಮ್ಮಿ ನಾರಲ್ಲೇ ಕಡ್ಡಿ ಮಾಡಬಹುದು, ಹಗುರ ಆಗತ್ತೆ, ಅದಕ್ಕೇ ಸೂಕ್ಷ್ಮ. ಆದ್ರೆ ಅಂಟು, ಸುತ್ತೋ ರೀತಿ, ರಿಂಗು, ಹಿಡಿ, ಇದ್ಯಾವುದನ್ನೂ ಆ ನಂಬರ್ ಹೇಳಲ್ಲ, ಮತ್ತೆ ಬಿರುಸು ಜಾಸ್ತಿ ಆದಷ್ಟೂ ಪಟಕ್ ಅಂತ ಮುರಿಯೋ ಭಯಾನೂ ಜಾಸ್ತಿ. ಈ ನಂಬರ್ ನಂಬಿ ಒಂದ್ಸಲ ಕೈ ಸುಟ್ಕೊಂಡಿದೀನಿ. ಇಂಟರ್ನೆಟ್ಟಲ್ಲಿ 40 ಡಾಲರಿಗೆ ಭಾರಿ ಟನ್ ನಂಬರ್ ಬರೆದಿದ್ದ ಒಂದು ರಾಡ್ ತರಿಸ್ದೆ, ಹೆಸರು ಬೇಡ. ಮೂರನೇ ವಾರ ತುದಿ ರಿಂಗಿನ ಒಳಗಿನ ಸೆರಾಮಿಕ್ ಬಳೆ ಉದುರಿ ಹೋಗಿತ್ತು, ನನಗೆ ಗೊತ್ತೇ ಆಗಿಲ್ಲ, ಬರೀ ಲೋಹದ ಅಂಚಿಗೆ ಉಜ್ಜಿ ಉಜ್ಜಿ ಲೈನ್ ಸವೆದು ಹೋಗಿದೆ. ಅವತ್ತು ಲವಾನಲ್ಲಿ ಒಂದು ಒಳ್ಳೇ ಮೀನು ಕಚ್ಚಿ ಎರಡು ಸಲ ನೀರಿಂದ ಹಾರಿ ತಲೆ ಕೊಡವಿದ್ದೇ ಲೈನ್ ಪಟ್ ಅಂತು. ಗಾಳ ಬಾಯಲ್ಲೇ ಇಟ್ಕೊಂಡು ಹೋಯ್ತಲ್ಲ ಆ ಮೀನು ಅನ್ನೋದು ಈಗ್ಲೂ ಮನಸಿಗೆ ಚುಚ್ಚತ್ತೆ. ಅವತ್ತಿಂದ ಹೊಸ ರಾಡ್ ಕೈಗೆ ಬಂದ ತಕ್ಷಣ ಹತ್ತಿ ಚೂರು ತಗೊಂಡು ಎಲ್ಲಾ ರಿಂಗಿನ ಒಳಗೂ ತಿರುಗಿಸ್ತೀನಿ, ಎಲ್ಲಾದ್ರೂ ಹತ್ತಿ ಎಳೆ ಸಿಕ್ಕಾಕೊಂಡ್ರೆ ವಾಪಸ್.

ಸರಿ, ಕೆರೆಗೆ ಬರೋಣ. ಜಿಎಕ್ಸ್2ನ ಕಡ್ಡೀಲಿ ಗ್ರಾಫೈಟ್ ಜೊತೆ ಫೈಬರ್‌ಗ್ಲಾಸ್ ಸೇರಿದೆ, ಅದಕ್ಕೇ ಅಷ್ಟು ಗಟ್ಟಿಮುಟ್ಟು, ಕಾರ್ ಡಿಕ್ಕೀಲಿ ಹೆಂಗೆ ಎಸೆದ್ರೂ ತಡ್ಕೊಳತ್ತೆ, 7 ವರ್ಷ ವಾರಂಟಿ ಬೇರೆ. ತಳದಲ್ಲಿ ಕೆಸರು ಮುಗಿದು ಜಲ್ಲಿ ಶುರುವಾಗೋದು ಇದ್ರಲ್ಲಿ ಮಸುಕು ಮಸುಕಾಗಿ ಗೊತ್ತಾಗತ್ತೆ. ಆದ್ರೆ ಅದೇ ಗ್ಲಾಸು ಕ್ರ್ಯಾಂಕ್‌ಬೈಟಿಗೆ (ಎಳೆದ್ರೆ ಅಲ್ಲಾಡ್ತಾ ಈಜೋ ಗಟ್ಟಿ ನಕಲಿ ಮೀನಿಗೆ) ವರ. ಕ್ರ್ಯಾಂಕ್‌ಬೈಟ್ ಎಳೆಯುವಾಗ ಮೀನು ಕಚ್ಚಿದ ಕೂಡ್ಲೇ ಬಿರುಸು ರಾಡಾದ್ರೆ ಮೂರು ಮುಳ್ಳಿನ ಗಾಳ ಬಾಯಿಂದ ಕಿತ್ಕೊಂಡು ಬರತ್ತೆ, ಇದು ಮೆತ್ತಗೆ ಬಾಗಿ ಮೀನಿಗೆ ಪೂರ್ತಿ ಬಾಯಿಗೆ ಹಾಕ್ಕೊಳೋಕೆ ಬಿಡತ್ತೆ. ಆ ಕೆಲಸಕ್ಕೆ ಇದನ್ನ ನಾನು ಬದಲಾಯಿಸಲ್ಲ.

ವೆಂಡೆಟಾ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಳ್ಳೇ ನಡುವಿನ ರಾಡು. ಸ್ಪಿನ್ನರ್‌ಬೈಟು (ತಿರುಗೋ ತಗಡಿರೋ ನಕಲಿ ಎರೆ), ಜಿಗ್ಗು (ಭಾರದ ತಲೆಯ ಗಾಳ), ಹುಳ ಎಲ್ಲದಕ್ಕೂ ಒಂದೇ ರಾಡ್ ಬೇಕು ಅನ್ನೋರಿಗೆ ಸಾಕು.

ಫ್ಯೂರಿ ಕೈಗೆ ಬಂದಾಗ ಮೊದಲು ಗೊತ್ತಾಗಿದ್ದು ಸೂಕ್ಷ್ಮ ಅಲ್ಲ, ಬ್ಯಾಲೆನ್ಸ್. ರೀಲ್ ಹಾಕಿ ರೀಲಿನ ಮುಂದೆ ಒಂದೇ ಬೆರಳ ಮೇಲೆ ಇಟ್ರೆ ತಕ್ಕಡಿ ಥರ ನಿಂತ್ಕೊಳತ್ತೆ. ಇದು ಯಾಕೆ ಮುಖ್ಯ ಅಂದ್ರೆ, ತುದಿ ಭಾರ ಇರೋ ರಾಡನ್ನ ಎತ್ತಿ ಹಿಡಿಯೋಕೆ ಮಣಿಕಟ್ಟು ಬಿಗಿ ಮಾಡ್ತಾನೇ ಇರ್ಬೇಕು, ಹತ್ತು ಹನ್ನೊಂದು ಗಂಟೆ ಹೊತ್ತಿಗೆ ಕೈ ಸೋಲತ್ತೆ, ನಮಗೇ ಗೊತ್ತಿಲ್ದಂಗೆ ಹಿಡಿ ಗಟ್ಟಿಯಾಗಿ ಅಮುಕಿರ್ತೀವಿ, ಬಿಗಿದ ಕೈಗೆ ಸಣ್ಣ ನಡುಕ ತಿಳಿಯಲ್ಲ. ಮೆಲ್ಲಗೆ ಹಕ್ಕಿಮರಿ ಹಿಡ್ದಂಗೆ ಹಿಡಿಯೋಕೆ ಆಗ್ಬೇಕು ರಾಡು, ಆಗ ಮಧ್ಯಾಹ್ನಾನೂ ಬೆಳಿಗ್ಗೆಯಷ್ಟೇ ಗೊತ್ತಾಗತ್ತೆ. ಲವಾನಲ್ಲಿ ಕಲ್ಲು ಕಟ್ಟಿರೋ ದಡದ ಹತ್ರ ಹುಳ ಎಳೀತಾ ಇದ್ರೆ ದೊಡ್ಡ ಕಲ್ಲು, ಸಣ್ಣ ಜಲ್ಲಿ, ಆಮೇಲೆ ಜೇಡಿ ಮಣ್ಣು ಅಂತ ಬೆರಳಲ್ಲೇ ಓದಬಹುದು, ನನಗೆ ಬಿದ್ದ ಮೀನೆಲ್ಲ ಆ ಜಲ್ಲಿ ಮುಗಿದು ಮಣ್ಣು ಶುರುವಾಗೋ ಗೆರೆ ಮೇಲೇನೇ.

ಮೋಜೋನ ನಾನು ತಗೊಂಡು ಹೋಗಿದ್ದು ಲೇಕ್ ಫೋರ್ಕಿಗೆ, ಮಾರ್ಚಲ್ಲಿ. 27,000 ಎಕರೆ ಮೇಲೆ ಇರೋ ಕೆರೆ, ಟೆಕ್ಸಾಸಿನ ಅತಿ ದೊಡ್ಡ ಬಾಸ್, 18.18 ಪೌಂಡಿಂದು, 1992ರಲ್ಲಿ ಸಿಕ್ಕಿದ್ದು ಇಲ್ಲೇ. ಕೆರೆ ತುಂಬಿಸ್ದಾಗ ಕಡೀದೆ ಬಿಟ್ಟ ಮರಗಳು ಇನ್ನೂ ನೀರೊಳಗೆ ಬೋಳಾಗಿ ನಿಂತಿವೆ. ಬೋಟಿನ ಗೆಳೆಯ ಹಾಸನದೋರು, ನನಗಿಂತ ದೊಡ್ಡೋರು, "ಅವಸರ ಮಾಡ್ಬೇಡಪ್ಪಾ, ಹುಳ ಕೊಂಬೆ ಹತ್ಲಿ, ಆಮೇಲೆ ಬೀಳಿಸು" ಅಂದ್ರು. ಲೈನ್ ಕೊಂಬೆ ಮೇಲೆ ಉಜ್ಜೋದು ಗರಗರ ಅಂತ ಕೈಗೆ ಬರ್ತಿತ್ತು, ಹುಳ ಕೊಂಬೆ ದಾಟಿ ಕೆಳಗೆ ಬೀಳ್ಬೇಕು, ತೂಕ ಖಾಲಿ ಆಗ್ಬೇಕು, ಆಗ್ಲಿಲ್ಲ. ಟಕ್ ಅಂತ ಏನೂ ಬರ್ಲಿಲ್ಲ, ಒದ್ದೆ ಬಟ್ಟೆ ಸಿಕ್ಕಾಕೊಂಡಂಗೆ ಒಂಚೂರು ಭಾರ, ಅಷ್ಟೇ. "ಅಣ್ಣ ಏನೋ ಬೇರೆ ಥರ ಇದೆ" ಅಂದೆ, "ಹೊಡಿ ಮತ್ತೆ!" ಅಂದ್ರು, ಅಂದ್ರೆ ರಾಡ್ ಎತ್ತಿ ಎಳೆದು ಗಾಳ ಚುಚ್ಚು ಅಂತ. ಹತ್ತೊಂಬತ್ತು ಇಂಚಿನ ಬಾಸ್. ಫೋರ್ಕಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಕೊಳೋ ಹಂಗಿಲ್ಲ, ಕೆಳದುಟಿ ಹಿಡಿದು ನೀರಲ್ಲಿ ಒಂದ್ನಿಮಿಷ ಇಟ್ಟೆ, ಬಾಲ ಬೀಸಿ ಹೋಯ್ತು. ಮರದ ಮಧ್ಯದಿಂದ ಮೀನನ್ನ ಎಳೆಯೋಕೆ ಮೋಜೋಗಿರೋ ಬೆನ್ನೆಲುಬು ನಾಲ್ಕರಲ್ಲೂ ಜಾಸ್ತಿ. ನನ್ನ ಹಗುರ ರೀಲಿಗೆ ಮಾತ್ರ ಅದು ಸ್ವಲ್ಪ ಮುಂದಕ್ಕೆ ತೂಗ್ತಿತ್ತು, ಗೆಳೆಯರ ಭಾರದ ರೀಲ್ ಹಾಕಿದ್ಮೇಲೆ ಸಮ ಆಯ್ತು. ಅಂದ್ರೆ ರಾಡ್ ನೋಡೋಕೆ ಅಂಗಡಿಗೆ ಹೋಗೋವಾಗ ನಿಮ್ಮ ರೀಲನ್ನ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಯಾರೂ ಬೇಡ ಅನ್ನಲ್ಲ.

ನನ್ನ ಆಯ್ಕೆ ಕೇಳಿದ್ರೆ, ದಡದಿಂದ, ಕಲ್ಲು ಮಣ್ಣು ಇರೋ ಕಡೆ ಹುಳ, ಸಣ್ಣ ಜಿಗ್ ಎಳೆಯೋಕೆ ಫ್ಯೂರಿ. ಮರ, ದಟ್ಟ ಕಳೆ ಇರೋ ಕೆರೆ ನಿಮ್ಮದಾದ್ರೆ ಮೋಜೋ, 5 ವರ್ಷ ವಾರಂಟೀನೂ ಇದೆ. 50ರಿಂದ 120ಕ್ಕೆ ಹೋದಾಗ ಕೈಗೆ ಆಗೋ ವ್ಯತ್ಯಾಸ ದೊಡ್ಡದು, ನಿಜವಾಗ್ಲೂ ಕನ್ನಡಕ ಹಾಕ್ಕೊಂಡಂಗೆ. ಗೆಳೆಯರ 250ರ ರಾಡನ್ನೂ ಅರ್ಧ ದಿನ ಹಿಡಿದೆ, ಹಗುರ ಇತ್ತು, ಚೆನ್ನಾಗಿತ್ತು, ಆದ್ರೆ 120ರ ಮುಂದೆ ಇನ್ನೊಂದು 130 ಕೊಡೋವಷ್ಟು ಹೊಸದೇನೂ ನನ್ನ ಕೈಗೆ ಕಾಣ್ಲಿಲ್ಲ. ಜೇಬಲ್ಲಿ ಒಟ್ಟು 80 ಡಾಲರೇ ಇದ್ರೆ ಪೂರ್ತಿ ರಾಡಿಗೆ ಹಾಕ್ಬೇಡಿ, 50ರ ರಾಡ್ ತಗೊಂಡು ಉಳಿದಿದ್ರಲ್ಲಿ ಬ್ರೇಡು, ತುದಿಗೆ ಕಟ್ಟೋಕೆ ಒಂದು ಸುರುಳಿ ಫ್ಲೋರೋ, ಒಂದು ಪ್ಯಾಕೆಟ್ ಟಂಗ್‌ಸ್ಟನ್ ಗುಂಡು ತಗೊಳ್ಳಿ. ಇಂಡಿಯಾದಲ್ಲಿ ಕೊರವ ಮೀನಿಗೆ ಪ್ಲಾಸ್ಟಿಕ್ ಕಪ್ಪೆ ಎಸೆಯೋರು ಕೇಳಿದ್ರೆ ಈ ತಲೆನೋವೇ ಬೇಡ ಅಂತೀನಿ, ಅದು ನೀರ ಮೇಲೇ ಕಣ್ಣೆದುರಿಗೇ ಹೊಡೆಯತ್ತೆ, ಅಲ್ಲಿ ಬೇಕಾಗಿರೋದು ಸೂಕ್ಷ್ಮ ಅಲ್ಲ, ಬಲ.

ಜಿಎಕ್ಸ್2 ಈಗ ಮಗಳದ್ದು. ಹೋದ ಶನಿವಾರ ಪಾರ್ಕ್ ಕೆರೇಲಿ ಅದಕ್ಕೆ ಬ್ರೇಡ್ ಹಾಕಿ ಕೊಟ್ಟೆ, ಹತ್ತು ನಿಮಿಷ ಸುಮ್ನೆ ನಿಂತಿದ್ದೋಳು "ಅಪ್ಪ, ಯಾರೋ ಆ ಕಡೆಯಿಂದ ಮೀಟ್ತಿದಾರೆ" ಅಂದ್ಲು.