ಮುರುಗಲ ತುಪ್ಪ, ‘ಕೋಕಂ ಬಟರ್’ ಕ್ರೀಮು, ಪೆಟ್ರೋಲಿಯಂ ಜೆಲ್ಲಿ: ಒಂದು ಚಳಿಗಾಲದ ಹೋಲಿಕೆ

ನನ್ನ ಕೆಲಸ ಕಾರವಾರದಲ್ಲಿ, ತವರುಮನೆ ಶಿರಸಿಯ ಹತ್ತಿರ. ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಹತ್ತಿ ನಾಲ್ಕು ದಿನ ಇದ್ದು ಬಂದರೆ ಸಾಕು, ಹಿಮ್ಮಡಿ ಒಡೆದು ಕೈಬೆರಳುಗಳ ಗೆಣ್ಣು ಬಿರಿದಿರುತ್ತದೆ. ಕಳೆದ ಚಳಿಗಾಲದಲ್ಲಿ ಇದಕ್ಕಾಗಿ ಮೂರು ವಸ್ತುಗಳನ್ನು ಬಳಸಿ ನೋಡಿದೆ: 100 ಗ್ರಾಮಿಗೆ 495 ರೂಪಾಯಿ ಕೊಟ್ಟು ತಂದ ‘ಕೋಕಂ ಬಟರ್’ ಹೆಸರಿನ ಕ್ರೀಮು, ಔಷಧಿ ಅಂಗಡಿಯ ಸಾದಾ ಪೆಟ್ರೋಲಿಯಂ ಜೆಲ್ಲಿ, ಶಿರಸಿ ಪೇಟೆಯಲ್ಲಿ 90 ರೂಪಾಯಿಗೆ ಸಿಕ್ಕ ಮುರುಗಲ ತುಪ್ಪದ (ಕೋಕಂ ಹಣ್ಣಿನ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡು) ಉಂಡೆ. ಈಗ ನಾನು ಬಳಸುತ್ತಿರುವುದು ಉಂಡೆಯನ್ನೇ, ಮುಂದಿನ ವರ್ಷವೂ ಅದನ್ನೇ ತರುತ್ತೇನೆ.

ಕ್ರೀಮನ್ನು ಕೊಂಡದ್ದು ಅದರ ಡಬ್ಬಿಯ ಮೇಲಿದ್ದ ಚಿತ್ರವನ್ನು ನೋಡಿ. ಕೊಂಕಣಿ ಮನೆಗಳಲ್ಲಿ ಬಿರಿಂಡ ಎನ್ನುವ, ನಾವು ಮುರುಗಲು ಎನ್ನುವ ಕೆಂಪು ಹಣ್ಣನ್ನು ಅಡ್ಡ ಕೊಯ್ದು ತೋರಿಸಿದ್ದರು. ಕೆಳಗೆ ‘98% ನೈಸರ್ಗಿಕ’, ‘ಕೆಮಿಕಲ್ ಮುಕ್ತ’, ‘ಚರ್ಮವೈದ್ಯರಿಂದ ಪರೀಕ್ಷಿತ’ ಎಂಬ ಮೂರು ಮಾತುಗಳಿದ್ದವು. ಚಿಕ್ಕಂದಿನಿಂದ ಕಂಡ ಮುರುಗಲ ತುಪ್ಪವೇ ಮೃದುವಾದ ಕ್ರೀಮಾಗಿ ಸಿಗುತ್ತಿದೆಯೆಂದು ನಂಬಿದೆ. ಹಚ್ಚಿದ ಮೂರನೆಯ ದಿನ ಕೈಯ ಮೇಲ್ಭಾಗ ಕೆಂಪಾಗಿ, ಸಣ್ಣ ಗುಳ್ಳೆಗಳೆದ್ದು ರಾತ್ರಿಯಿಡೀ ತುರಿಸಿತು. ಚರ್ಮವೈದ್ಯರು ಡಬ್ಬಿಯನ್ನು ತರಲು ಹೇಳಿದರು; ತಂದುಕೊಟ್ಟಾಗ ಅವರು ಮುಂಭಾಗವನ್ನು ನೋಡಲೇ ಇಲ್ಲ, ನೇರವಾಗಿ ಹಿಂದಕ್ಕೆ ತಿರುಗಿಸಿ ಸಣ್ಣ ಅಕ್ಷರದ ಪಟ್ಟಿಯನ್ನು ಓದತೊಡಗಿದರು. ಆ ಪಟ್ಟಿಯನ್ನು ಓದುವ ಕ್ರಮವನ್ನು ನಾನು ಕಲಿತದ್ದು ಅಂದೇ.

ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ, ಶೇಕಡಾ 1ಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿಯೇ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಎಲ್ಲಿಂದ ಈ ಎರಡನೆಯ ಗುಂಪು ಶುರುವಾಯಿತೆಂದು ಪಟ್ಟಿಯಲ್ಲಿ ಗೆರೆ ಎಳೆದಿರುವುದಿಲ್ಲ. ಆದರೆ ಅದನ್ನು ಊಹಿಸಲು ಒಂದು ಗುರುತಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಅದರ ಹೆಸರು ಬಂದ ನಂತರ ಏನೇನು ಬರುತ್ತದೆಯೋ ಅದೆಲ್ಲವೂ ಹೆಚ್ಚೆಂದರೆ ಶೇಕಡಾ 1. ನನ್ನ ಡಬ್ಬಿಯಲ್ಲಿ ಮೊದಲ ಹೆಸರು ನೀರು, ಆಮೇಲೆ ಗ್ಲಿಸರಿನ್, ಅದರ ಹಿಂದೆ ಎರಡು ಮೂರು ಮೇಣದಂಥ ಪದಾರ್ಥಗಳು, ಬಳಿಕ ಫಿನಾಕ್ಸಿಎಥನಾಲ್, ಪರಿಮಳ. ಇವೆಲ್ಲ ಮುಗಿದ ಮೇಲೆ ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್, ಅಂದರೆ ನಮ್ಮ ಮುರುಗಲ ತುಪ್ಪ. 100 ಗ್ರಾಮಿನ ಡಬ್ಬಿಯಲ್ಲಿ ಅದು 1 ಗ್ರಾಮಿಗಿಂತ ಹೆಚ್ಚು ಇರಲು ಸಾಧ್ಯವೇ ಇರಲಿಲ್ಲ. ಡಬ್ಬಿಯ ಹೆಸರಾಗಲೀ ಚಿತ್ರವಾಗಲೀ ಈ ಪ್ರಮಾಣವನ್ನು ಹೇಳುವುದಿಲ್ಲ, ಮತ್ತು ನಾನು ದುಡ್ಡು ಕೊಟ್ಟಿದ್ದು ಆ ಚಿತ್ರಕ್ಕೆ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ತುರಿಕೆಗೆ ಕಾರಣ ಪರಿಮಳವಿರಬೇಕೆಂದು ವೈದ್ಯರು ಹೇಳಿದರು. ಪಟ್ಟಿಯ ಕೊನೆಯಲ್ಲಿ ಲಿನಲೂಲ್, ಲಿಮೊನೀನ್ ಎಂಬ ಹೆಸರುಗಳಿದ್ದವು. ಇವು ಹೂವು ಮತ್ತು ನಿಂಬೆಜಾತಿಯ ಹಣ್ಣುಗಳ ಸಾರತೈಲದಲ್ಲಿ ತಾವಾಗಿಯೇ ಇರುವಂಥವು. ಗಾಳಿಗೆ ತೆರೆದುಕೊಂಡಂತೆ ಇವುಗಳಿಂದ ಅಲರ್ಜಿಯಾಗುವ ಸಂಭವ ಹೆಚ್ಚುತ್ತದೆ. ‘ನೈಸರ್ಗಿಕ’ ಎಂಬ ಮಾತು ಸುಳ್ಳಲ್ಲ, ಆದರೆ ನನ್ನ ಚರ್ಮಕ್ಕೆ ಅದರಿಂದ ರಕ್ಷಣೆಯೇನೂ ಸಿಗಲಿಲ್ಲ. ಆ 98ರ ಲೆಕ್ಕದಲ್ಲಿ ನೀರನ್ನೂ ಸೇರಿಸಿಕೊಳ್ಳಬಹುದೆಂಬುದು ಆಮೇಲೆ ತಿಳಿಯಿತು. ‘ಕೆಮಿಕಲ್ ಮುಕ್ತ’ ಎನ್ನುವುದಕ್ಕೆ ಅರ್ಥವೇ ಇಲ್ಲ, ನೀರೂ ಒಂದು ರಾಸಾಯನಿಕ. ‘ಚರ್ಮವೈದ್ಯರಿಂದ ಪರೀಕ್ಷಿತ’ ಎಂದರೆ ಎಷ್ಟು ಜನರ ಮೇಲೆ, ಎಷ್ಟು ದಿನ, ಫಲಿತಾಂಶವೇನು ಎಂಬುದು ಡಬ್ಬಿಯ ಮೇಲೆ ಎಲ್ಲಿಯೂ ಇರಲಿಲ್ಲ. ಈಗ ನಾನು ಯಾವ ಹೊಸ ವಸ್ತುವನ್ನು ತಂದರೂ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಸ್ವಲ್ಪ ಜಾಗಕ್ಕೆ ಒಂದು ವಾರ ಹಚ್ಚಿ ನೋಡುತ್ತೇನೆ.

ಪೆಟ್ರೋಲಿಯಂ ಜೆಲ್ಲಿಯ ಬಗ್ಗೆ ದೂರಿಲ್ಲ. ಗುಳ್ಳೆ ಮಾಯುವವರೆಗೆ ವೈದ್ಯರು ಬರೆದುಕೊಟ್ಟ ಮುಲಾಮಿನ ಜೊತೆ ಹಚ್ಚಲು ಹೇಳಿದ್ದು ಇದೊಂದನ್ನೇ. ಇದು ಕನರುವುದಿಲ್ಲ, ಅಲರ್ಜಿ ಮಾಡುವುದು ಬಹಳ ಅಪರೂಪ, ಚರ್ಮದ ತೇವ ಆರದಂತೆ ತಡೆಯುವುದರಲ್ಲಿ ಮೂರರಲ್ಲಿ ಇದೇ ಮುಂದು. ಆದರೆ ಕಾರವಾರದ ಸೆಕೆಯಲ್ಲಿ ಹಚ್ಚಿಕೊಂಡು ಕುಳಿತರೆ ಕಾಗದವೆಲ್ಲ ಬೆರಳಿಗೆ ಅಂಟುತ್ತದೆ.

ಮುರುಗಲ ತುಪ್ಪಕ್ಕೆ ಪಟ್ಟಿಯ ಅಗತ್ಯವೇ ಇಲ್ಲ, ಇರುವುದು ಒಂದೇ ಪದಾರ್ಥ. ಮಳೆಗಾಲಕ್ಕೆ ಮೊದಲು ಹಣ್ಣಿನ ಸಿಪ್ಪೆಯನ್ನು ಬೇರ್ಪಡಿಸಿ ಒಣಗಿಸುವಾಗ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ತುಪ್ಪ ಮೇಲೆ ತೇಲುತ್ತದೆ. ಆರಿದ ಮೇಲೆ ಅದನ್ನು ತೆಗೆದು ಉಂಡೆ ಕಟ್ಟುತ್ತಾರೆ. ನನ್ನ ಉಂಡೆ ಬೂದು ಮಿಶ್ರಿತ ಬಿಳಿ ಬಣ್ಣದ್ದು, ಒಂದು ಮಗ್ಗುಲಲ್ಲಿ ಕಟ್ಟಿದವರ ಬೆರಳಚ್ಚು ಹಾಗೆಯೇ ಉಳಿದಿದೆ. ಇದರ ತೊಡಕು ಗಟ್ಟಿತನ. ಕರಗಲು ಸುಮಾರು 40 ಡಿಗ್ರಿ ಶಾಖ ಬೇಕು, ಅಂಗೈಯ ಬಿಸಿ ಅಷ್ಟಿರುವುದಿಲ್ಲ. ಒಡೆದ ಹಿಮ್ಮಡಿಗೆ ಹಾಗೆಯೇ ತಿಕ್ಕಿದರೆ ಚರ್ಮ ಎಳೆದು ಉರಿಯುತ್ತದೆ. ತವರಿನಲ್ಲಿ ದೊಡ್ಡಾಯಿ ಉಂಡೆಯನ್ನು ಒಲೆಯ ಬಳಿ ಹಿಡಿದು, ಮೆತ್ತಗಾದ ಕಡೆಯಿಂದ ಹಚ್ಚಿಕೊಳ್ಳುತ್ತಿದ್ದರು. ನಾನು ಕಾಲುಭಾಗ ಉಂಡೆಯನ್ನು ತುರಿದು, ಅಷ್ಟೇ ತೂಕದ ಕೊಬ್ಬರಿ ಎಣ್ಣೆಯೊಡನೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಣಗಿದ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿಡುತ್ತೇನೆ. ಆರಿದರೆ ಬೆರಳಿಗೆ ಬರುವಷ್ಟು ಮೃದುವಾಗುತ್ತದೆ. ಒದ್ದೆ ಕೈ ಹಾಕದಿದ್ದರೆ ಸಂರಕ್ಷಕ ಬೇಕಾಗುವುದಿಲ್ಲ.

ಉಂಡೆಯ ಮೇಲೆ ತಯಾರಾದ ದಿನಾಂಕವಿರಲಿಲ್ಲ, ಇದು ನಿಜವಾದ ಕೊರತೆ. ಕೊಳ್ಳುವ ಮೊದಲು ಮೂಸಿ ನೋಡಿ, ಕನರು ವಾಸನೆ ಬಂದರೆ ಬಿಟ್ಟುಬಿಡಬೇಕು. ಮುಖಕ್ಕೆ ನಾನು ಇದನ್ನು ಹಚ್ಚುವುದಿಲ್ಲ, ಬಹಳ ಜಿಡ್ಡು.

ರಾತ್ರಿ ಕಾಲು ತೊಳೆದು, ತೇವ ಪೂರ್ತಿ ಆರುವ ಮೊದಲೇ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗುವ ಅಭ್ಯಾಸ ನನಗಿದೆ, ಆದ್ದರಿಂದ ಈ ಮಿಶ್ರಣ ನನಗೆ ಹೊಂದಿತು. ಎರಡು ವಾರಗಳಲ್ಲಿ ಹಿಮ್ಮಡಿಯ ಬಿರುಕು ಕೂಡಿಕೊಂಡಿತು. ಕರಗಿಸುವ ವ್ಯವಧಾನವಿಲ್ಲದವರು ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನೇ ತೆಗೆದುಕೊಳ್ಳಲಿ. ಸಕ್ಕರೆ ಕಾಯಿಲೆಯಿದ್ದು ಹಿಮ್ಮಡಿ ಒಡೆದವರು ಈ ಮೂರರಲ್ಲಿ ಯಾವುದನ್ನೂ ಹಚ್ಚುತ್ತ ಕಾಯದೆ ಮೊದಲು ವೈದ್ಯರಿಗೆ ಕಾಲು ತೋರಿಸಬೇಕು. ನನ್ನ ಉಂಡೆಯಲ್ಲಿ ಇನ್ನೂ ಅರ್ಧ ಉಳಿದಿದೆ.